ಇನ್ನೂ ಜಾಗ ಇದೆ, ಬರ್ಲಿ

ನನ್ನ ಗಂಡ ಡೆಲ್ಮರ್ ಟ್ರಕ್ಕಿನ ಹಿಂದೆ ಎಳೆಯುವ ನಮ್ಮ ಮನೆಗಾಡಿಯನ್ನು, ಆ ಇಪ್ಪತ್ತಾರು ಅಡಿ ಉದ್ದದ ಟ್ರೇಲರನ್ನು, ಹಿಂದಕ್ಕೆ ನಡೆಸಿ ನಿಲ್ಲಿಸುವುದನ್ನು ನೋಡಲು ಜನ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಉತ್ಪ್ರೇಕ್ಷೆಯಲ್ಲ. ಶುಕ್ರವಾರ ಮಧ್ಯಾಹ್ನ ಕೆರೆ ಪಕ್ಕದ ನಮ್ಮ ಕ್ಯಾಂಪಿಗೆ ಹೊಸ ಗಾಡಿ ಬಂತೆಂದರೆ ಸಾಕು, ಮಡಚುವ ಕುರ್ಚಿ, ಬಿಯರ್ ಡಬ್ಬಿ, ಸಾಸೇಜಿನ ತಟ್ಟೆ ಎಲ್ಲವೂ ರಸ್ತೆಯಂಚಿಗೆ ಬರುತ್ತವೆ. ಕಾಗದದ ತಟ್ಟೆಯ ಹಿಂದೆ ಹತ್ತಕ್ಕೆ ಇಷ್ಟು ಎಂದು ಅಂಕ ಬರೆದು ಎತ್ತಿ ಹಿಡಿಯುತ್ತಾರೆ. ಮರಕ್ಕೆ ಗುದ್ದಿದವರಿಗೆ ಚಪ್ಪಾಳೆ ಜಾಸ್ತಿ. ಗಂಡ ಹೆಂಡತಿ ಕಿತ್ತಾಡಿಕೊಂಡರಂತೂ ಇವರಿಗೆ ಹಬ್ಬ.

ಡೆಲ್ಮರ್‌ಗೆ ಯಾವತ್ತೂ ಒಂಬತ್ತಕ್ಕಿಂತ ಕಮ್ಮಿ ಬಿದ್ದದ್ದಿಲ್ಲ. ನಲವತ್ತು ವರ್ಷ ವಿಸ್ಕಾನ್ಸಿನ್ನಿನ ತುಂಬ ಹಾಲಿನ ಟ್ಯಾಂಕರ್ ಓಡಿಸಿದವನು. ಹಿಂದೆ ನಿಂತು ಕೈಸನ್ನೆ ಮಾಡಿದವಳಿಗೆ, ಅಂದರೆ ನನಗೆ, ಇಪ್ಪತ್ತೇಳು ಬೇಸಿಗೆಗಳಲ್ಲಿ ಒಂದು ಅಂಕವೂ ಬೀಳಲಿಲ್ಲ. ನನಗೆ ಬಿದ್ದದ್ದು ಬೈಗುಳ.

ಆ ಬೈಗುಳಕ್ಕೆಂದೇ ಅವನು ವಾಕಿಟಾಕಿ ಜೋಡಿಯೊಂದನ್ನು ತಂದ. ಒಂದು ಅವನ ಕೈಯಲ್ಲಿ, ಇನ್ನೊಂದು ನನ್ನ ಸೊಂಟದಲ್ಲಿ. ಮೊದಲ ದಿನವೇ ನಾನು "ಸ್ವಲ್ಪ ಎಡಕ್ಕೆ" ಎಂದು ಬಾಯಿ ಬಿಟ್ಟದ್ದಕ್ಕೆ, "ಲೇ ವರ್ನಾ, ಅದಿರೋದು ನೀನು ಕೇಳೋಕೆ, ಮಾತಾಡೋಕಲ್ಲ. ಕೈ ಆಡ್ಸು, ಸಾಕು" ಎಂದ. ಎರಡೂ ತೋಳು ಬೀಸಿದರೆ ಬರಲಿ, ಎರಡೂ ಮುಷ್ಟಿ ತಲೆಯ ಮೇಲೆತ್ತಿದರೆ ನಿಲ್ಲು. ನನಗೆ ಕೊಟ್ಟಿದ್ದ ಭಾಷೆ ಅಷ್ಟೇ. ನನ್ನ ಸೊಂಟದ ಡಬ್ಬಿಯ ದನಿಯನ್ನು ಪೂರ್ತಿ ಏರಿಸಿಟ್ಟಿರುತ್ತಿದ್ದ. ಹೀಗಾಗಿ ನನಗೆ ಕತ್ತೆ ಎಂದದ್ದು ರಸ್ತೆಯಾಚೆ ಕೂತವರಿಗೂ ಚೆನ್ನಾಗಿ ಕೇಳುತ್ತಿತ್ತು.

ಅವನಿಗೆ ಕೆಲಸ ಗೊತ್ತಿತ್ತು, ಇಲ್ಲವೆನ್ನುವವಳಲ್ಲ ನಾನು. ಟ್ರೇಲರಿನ ಹಿಂದಿನ ದೀಪ ಉರಿಯದಿದ್ದರೆ ಉಳಿದವರು ಬಲ್ಬು ಬದಲಾಯಿಸುತ್ತ ಕೂರುತ್ತಾರೆ. ಇವನು ಸೀದಾ ಹೋಗಿ ಪ್ಲಗ್ಗಿನ ತುಕ್ಕು ಕೆರೆಯುತ್ತಿದ್ದ, ದೀಪ ಉರಿಯುತ್ತಿತ್ತು. ಆದರೆ ಕೇಳಲು ಬಂದವರ ಮಾನ ತೆಗೆಯದೆ ಕಳಿಸುತ್ತಿರಲಿಲ್ಲ. ನಮ್ಮ ಹಾಗೇ ಪ್ರತಿ ಬೇಸಿಗೆ ಬರುವ ಅರ್ವಿಡ್ ಲುಂಡ್ ನಿವೃತ್ತ ವಿಜ್ಞಾನ ಮೇಷ್ಟ್ರು, ಪಾಪದವನು. ಒಂದು ಜುಲೈನಲ್ಲಿ ಫ್ರಿಜ್ಜು ತಣ್ಣಗಾಗುತ್ತಿಲ್ಲ, ಹಿಡಿದ ಮೀನೆಲ್ಲ ನಾರುತ್ತಿದೆ ಎಂದು ಬಂದ. ಡೆಲ್ಮರ್ ಹೋಗಿ ಅವನ ಗಾಡಿಯ ನೆಲದ ಮೇಲೆ, ಸಮ ಇದೆಯೇ ಎಂದು ನೋಡುವ ರಸಮಟ್ಟ ಇಟ್ಟ. ಅದರೊಳಗಿನ ಗುಳ್ಳೆ ಒಂದು ತುದಿಗೆ ಹೋಗಿ ಕೂತಿತು.

"ಗಾಡಿ ಈ ಪಾಟಿ ಓರೆ ಇದ್ರೆ ಫ್ರಿಜ್ಜು ಹೆಂಗಯ್ಯಾ ಕೆಲ್ಸ ಮಾಡುತ್ತೆ? ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಬೇರೆ ಹೇಳ್ಕೊಟ್ಟಿದೀಯಂತೆ! ಆ ಮಕ್ಕಳ ಗತಿ ಏನಾಯ್ತೋ!"

ಅಲ್ಲಿಗೇ ಬಿಡಲಿಲ್ಲ. ಸಂಜೆ ಎಲ್ಲರೂ ಬೆಂಕಿಯ ಸುತ್ತ ಕೂತಿದ್ದಾಗ ಆ ರಸಮಟ್ಟಕ್ಕೆ ದಾರ ಕಟ್ಟಿ ಅರ್ವಿಡ್‌ನ ಕೊರಳಿಗೆ ಪದಕದ ಹಾಗೆ ಹಾಕಿದ. ಎಲ್ಲರೂ ನಕ್ಕರು, ಅರ್ವಿಡ್ ಕೂಡ ನಕ್ಕ. ನಮ್ಮ ಕ್ಯಾಂಪಿನಲ್ಲಿ ನಗದೆ ಇರುವುದು ದೊಡ್ಡ ತಪ್ಪು.

ಈ ರಿಪೇರಿಗಳಿಗೆಲ್ಲ ಟಾರ್ಚು ಹಿಡಿದವಳು ನಾನು. ಗಾಡಿಯಡಿ ಅವನ ಪಕ್ಕ ಮಣ್ಣಲ್ಲಿ ಮಲಗಿ ಹಿಡಿಯುತ್ತಿದ್ದೆ. "ಬೆಳಕು ನೆಟ್ಟಗೆ ಹಿಡಿ, ಸತ್ತಿದೀಯಾ?" ಎನ್ನುತ್ತಿದ್ದ. ಇಪ್ಪತ್ತೇಳು ವರ್ಷ ಟಾರ್ಚು ಹಿಡಿದವಳು ಬೆಳಕು ಬಿದ್ದ ಜಾಗವನ್ನು ತಾನೂ ನೋಡಿರುತ್ತಾಳೆ ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಕಣ್ಣಿನ ಡಾಕ್ಟರು ಅವನ ಬಲಗಣ್ಣಿನ ಹೊರ ಅಂಚು ಮಂಜಾಗಿದೆ, ಇನ್ನು ದೊಡ್ಡ ಗಾಡಿ ಎಳೆಯುವುದು ಬೇಡ ಎಂದರು. ಮಗಳು ಜಿಲ್ ಡುಲೂತ್‌ನಿಂದ ಓಡಿ ಬಂದಳು. ಟ್ರೇಲರಿನ ಹಿಂದೆ ಕೂರಿಸುವ ಕ್ಯಾಮರಾ ತಂದಿದ್ದಳು. ಹಿಂದೇನಿದೆ ಎಂದು ಟ್ರಕ್ಕಿನೊಳಗೆ ಪುಟ್ಟ ಪರದೆಯಲ್ಲಿ ಕಾಣುತ್ತದೆ.

"ಇದನ್ನಾದ್ರೂ ಹಾಕ್ಕೋ ಅಪ್ಪಾ. ಇಲ್ಲಾಂದ್ರೆ ಬೀಗದ ಕೈ ಕೊಟ್ಬಿಡು."

"ಕ್ಯಾಮರಾ ಯಾಕೆ? ನಿಮ್ಮಮ್ಮ ಇದಾಳಲ್ಲ, ಬಿಟ್ಟಿ ಸಿಕ್ಕವಳು." ಪೆಟ್ಟಿಗೆಯನ್ನು ಬಿಚ್ಚದೆ ಟ್ರೇಲರಿನ ಮಂಚದಡಿ ತಳ್ಳಿದ. "ಕೇಳಿಲ್ಲಿ ಜಿಲ್. ಈ ಬೇಸಿಗೇಲಿ ಗಾಡಿಗೆ ಒಂದೇ ಒಂದು ಗೀರು ಬೀಳ್ಲಿ, ಅವತ್ತೇ ಬೀಗದ ಕೈ ನಿಮ್ಮಮ್ಮನ ಕೈಗೆ. ಮತ್ತೆ ಸ್ಟೀರಿಂಗ್ ಮುಟ್ಟಿದ್ರೆ ಕೇಳು."

ನಾನು ಗಾಡಿ ಓಡಿಸುವುದನ್ನು ನೆನೆಸಿಕೊಂಡೇ ಅವನಿಗೆ ನಗು ತಡೆಯಲಾಗಲಿಲ್ಲ. ಕೆಮ್ಮು ಬರುವಷ್ಟು ನಕ್ಕ. ಆದರೆ ಕೊಟ್ಟ ಮಾತು ಉಳಿಸಿಕೊಳ್ಳುವವನು, ಅದು ನನಗೆ ಗೊತ್ತಿತ್ತು. ಸ್ಟೀರಿಂಗ್ ಹೋದರೆ ಈ ಮನುಷ್ಯನ ಹತ್ತಿರ ಬೇರೇನೂ ಉಳಿಯುವುದಿಲ್ಲ ಎನ್ನುವುದೂ ಗೊತ್ತಿತ್ತು.

ಜೂನ್ ಮೊದಲ ಶುಕ್ರವಾರ ಬಂದಾಗ ನಮಗೆ ಸಿಕ್ಕಿದ್ದು ಹದಿನಾಲ್ಕನೇ ಜಾಗ. ಎಲ್ಲರಿಗೂ ಅದರ ಭಯ. ಬಲಕ್ಕೆ ತಿರುಗಿಸಿ ಒಳಹೋಗಬೇಕು, ಹಿಂದೆ ಬಲಮೂಲೆಯಲ್ಲಿ ಎದೆಯೆತ್ತರದ ಬಂಡೆ. ನಾವು ತಿರುವಿನಲ್ಲಿರುವಾಗಲೇ ಐದು ಕುರ್ಚಿ ಬಂದವು. ನಡುವಿನ ಕುರ್ಚಿ ಅರ್ವಿಡ್‌ನದು.

ನಾನು ಇಳಿದು ಗಾಡಿಯ ಹಿಂದೆ ಎಡಗಡೆ ನಿಂತೆ, ಅವನ ಎಡಗನ್ನಡಿಯಲ್ಲಿ ಕಾಣುವ ಹಾಗೆ. ಬಲಗನ್ನಡಿ ಅವನಿಗೆ ಇದ್ದೂ ಇಲ್ಲದ ಹಾಗೆ ಎನ್ನುವುದು ಆ ಕ್ಯಾಂಪಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಬಂಡೆಗೆ ಅವನ ಕಣ್ಣು ನಾನೇ ಆಗಬೇಕಿತ್ತು. ತೋಳು ಬೀಸಿದೆ. ಗಾಡಿ ಬಾಗುತ್ತ ಒಳಗೆ ಬಂತು. ಎಷ್ಟು ಚೆಂದ ಬಂತೆಂದರೆ, ನನಗೇ ಹೆಮ್ಮೆಯಾಯಿತು, ನನ್ನ ಕರ್ಮ.

ಗಾಡಿ ನೆಟ್ಟಗಾಯಿತು. ಇನ್ನು ನಾಲ್ಕಡಿ ಬಂದರೆ ಸಾಕು.

ಆಗ ಕುರ್ಚಿಯಿಂದ ಯಾರೋ ಕೂಗಿದರು: "ವರ್ನಾ, ಬಲ ಯಾವ್ದು ಎಡ ಯಾವ್ದು ಈ ವರ್ಷನಾದ್ರೂ ಕಲ್ತ್ಯಾ?"

ನನ್ನ ಸೊಂಟದಲ್ಲಿ ಡೆಲ್ಮರ್‌ನ ದನಿ ಗರಗರ ಎಂದಿತು. "ಬಲ ಎಡ ಹಂಗಿರ್ಲಿ. ತನಗೆ ಕೈ ಎರಡಿದೆ ಅನ್ನೋದೇ ಅವಳಿಗಿನ್ನೂ ಅಂದಾಜು!"

ಐದು ಕುರ್ಚಿಗಳೂ ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ. ಅವನು ನಕ್ಕದ್ದಕ್ಕಲ್ಲ, ಅವರು ನಕ್ಕದ್ದಕ್ಕೂ ಅಲ್ಲ, ನನ್ನ ಬಾಯಿ ತಾನಾಗಿಯೇ ಕಿಸಿದುಕೊಂಡಿತಲ್ಲ, ಅದಕ್ಕೆ ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಇಪ್ಪತ್ತೇಳು ವರ್ಷ ನಕ್ಕಿದ್ದೆ, ಥೂ.

ಆ ನಾಲ್ಕಡಿಯೂ ಮುಗಿಯಿತು. ಮುಷ್ಟಿ ಎತ್ತಬೇಕಿತ್ತು. ಎತ್ತಲಿಲ್ಲ. ಬಲಗೈಯನ್ನು ಸೊಂಟದ ಹತ್ತಿರ ತಂದೆ. ಬೆಕ್ಕಿನ ಮರಿಯನ್ನು ಕರೆಯುವಾಗ ಮಾಡುತ್ತೇವಲ್ಲ, ಅಂಗೈ ಮೇಲೆ ಮಾಡಿ, ನಾಲ್ಕೂ ಬೆರಳನ್ನು ಮೆಲ್ಲಗೆ ಮಡಚಿ ಮಡಚಿ, ಹಾಗೆ. ಬರ್ಲಿ. ಬರ್ಲಿ. ಇನ್ನೂ ಜಾಗ ಇದೆ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು, ನನ್ನನ್ನೇ ನೋಡುತ್ತಿತ್ತು. ಮೂರು ಸಲ ಬೆರಳು ಮಡಚಿದೆ.

ತಗಡು ಹರಿದ ಸದ್ದು ಕೆರೆಯಾಚೆಗೂ ಕೇಳಿರಬೇಕು. ಹಿಂದಿನ ಕಿಟಕಿ ಚೂರುಚೂರಾಯಿತು. ಬಂಡೆ ಗಾಡಿಯ ಮೂಲೆಯನ್ನು ಒಂದು ಗೇಣು ಒಳಗೆ ತಳ್ಳಿತ್ತು. ಆಗ ನಾನು ಎರಡೂ ಮುಷ್ಟಿ ಎತ್ತಿದೆ.

ಡೆಲ್ಮರ್ ಇಳಿದು ಬಂದ. ಕೂಗಾಡಲಿಲ್ಲ. ಮೂಲೆಯನ್ನು ನೋಡಿದ, ಬಂಡೆಯನ್ನು ನೋಡಿದ, ಆಮೇಲೆ ನನ್ನನ್ನು.

"ನೀನು ಬರ್ಲಿ ಅಂದ್ಯಲ್ಲ," ಎಂದ, ತೀರ ಮೆತ್ತಗೆ.

"ಎಲ್ಲಂದೆ? ಎರಡೂ ಮುಷ್ಟಿ ಎತ್ತಿದೀನಿ, ಇನ್ನೂ ಇಳಿಸಿಲ್ಲ ನೋಡು. ನಿನಗೆ ಕಾಣಲಿಲ್ವಾ?"

ನಿನಗೆ ಕಾಣಲಿಲ್ವಾ. ಆ ಮಾತನ್ನು ಎಲ್ಲಿ ಇಡಬೇಕೆಂದು ಗೊತ್ತಿದ್ದೇ ಇಟ್ಟೆ. ಅವನ ಮುಖ ಬಿಳಿಚಿಕೊಂಡಿತು. ಕುರ್ಚಿಗಳ ಕಡೆ ತಿರುಗಿದ. ಜೀವಮಾನದಲ್ಲಿ ಮೊದಲ ಸಲ ಅವನು ಯಾರನ್ನೋ ಬೇಡುವ ಹಾಗೆ ನೋಡುತ್ತಿದ್ದ.

ಅರ್ವಿಡ್ ನನ್ನ ಪಕ್ಕಕ್ಕೆ ಹತ್ತು ಹೆಜ್ಜೆ ದೂರದಲ್ಲಿದ್ದ. ನನ್ನ ಬೆರಳು ಅವನಿಗೆ ಕಂಡಿತ್ತು. ಕಂಡಿತ್ತೆಂದು ಅವನ ಕಣ್ಣೇ ಹೇಳುತ್ತಿತ್ತು. ಅವನು ಬಿಯರ್ ಡಬ್ಬಿಯನ್ನು ನಿಧಾನ ಕೆಳಗಿಟ್ಟ.

"ಮುಷ್ಟಿ ಎತ್ತಿದ್ಲು ಡೆಲ್. ಆವಾಗ್ಲೇ ಎತ್ತಿದ್ಲು. ನಾನೇ ನೋಡಿದ್ನಲ್ಲ."

ಪಕ್ಕದವನೂ ಹೌದೆಂದ. ಅವನಿಗೂ ಯಾವುದೋ ವರ್ಷ ಏನೋ ಪದಕ ಸಿಕ್ಕಿರಬೇಕು. ಐದು ತಲೆಗಳೂ ಒಂದೊಂದಾಗಿ ಆಡಿದವು. ಹೌದು ಡೆಲ್, ಎತ್ತಿದ್ಲು. ಪಾಪ, ಎಷ್ಟು ಹೊತ್ತಿಂದ ಎತ್ತಿದ್ಲು.

ಡೆಲ್ಮರ್ ತನ್ನ ಬಲಗಣ್ಣಿನ ಮೇಲೆ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದ. ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೈಗೆ ಹಾಕಿದ. ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ.

ಪಶ್ಚಾತ್ತಾಪ ಪಟ್ಟೆನೇ ಎಂದರೆ, ಇಲ್ಲ. ಮಾರನೆಯ ದಿನವೇ ಅಲ್ಯುಮಿನಿಯಂ ತಗಡು ಕತ್ತರಿಸಿ ರಿವೆಟ್ಟು ಹೊಡೆದು, ಅಂಚಿಗೆ ನೀರು ಸೋರದ ಅಂಟುಪಟ್ಟಿ ಒತ್ತಿ, ಮೂಲೆಯನ್ನು ನಾನೇ ಮುಚ್ಚಿದೆ. ಮಂಚದಡಿಯಿಂದ ಜಿಲ್ ತಂದಿದ್ದ ಪೆಟ್ಟಿಗೆ ಎಳೆದು ಕ್ಯಾಮರಾ ಕೂರಿಸಿದೆ. ತಂತಿ ಎಳೆಯಲು ಗಾಡಿಯಡಿ ಮಲಗಿದಾಗ ಟಾರ್ಚು ಹಿಡಿದವನು ಡೆಲ್ಮರ್.

"ಬೆಳಕು ನೆಟ್ಟಗೆ ಹಿಡಿ, ಸತ್ತಿದೀಯಾ?" ಎಂದೆ.

ನೆಟ್ಟಗೆ ಹಿಡಿದ. ನನಗೆ ಸುಖವಾಯಿತು, ಸುಳ್ಳೇಕೆ ಹೇಳಲಿ. ಐಸ್‌ಕ್ರೀಂ ತಿಂದ ಹಾಗೆ ಹೊಟ್ಟೆಯವರೆಗೂ ತಂಪಾಯಿತು.

ಆ ಬೇಸಿಗೆಯೆಲ್ಲ ನಾನೇ ಓಡಿಸಿದೆ. ಮೊದಮೊದಲು ನಾಲ್ಕು ಬಂತು, ಐದು ಬಂತು, ಜುಲೈ ಮುಗಿಯುವ ಹೊತ್ತಿಗೆ ಎಂಟು. ಫ್ರಿಜ್ಜು, ಪಂಪು, ಬ್ರೇಕು ಎಂದು ಜನ ಈಗ ನನ್ನನ್ನು ಕೇಳಿಕೊಂಡು ಬರುತ್ತಿದ್ದರು. ಡೆಲ್ಮರ್ ಪಕ್ಕದಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕ್ಯಾಮರಾ ಕೂತ ಮೇಲೆ ಹಿಂದೆ ಯಾರೂ ನಿಲ್ಲುವ ಅಗತ್ಯವೇ ಇರಲಿಲ್ಲ. ಪರದೆಯಲ್ಲಿ ಇರುವೆ ಹರಿದರೂ ಕಾಣುತ್ತದೆ. ಆದರೂ ಪ್ರತಿ ಸಲ ಅವನ ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿ, ದನಿ ಪೂರ್ತಿ ಏರಿಸಿ, ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದೆ.

ಸೆಪ್ಟೆಂಬರಿನ ಮೊದಲ ವಾರ, ಕ್ಯಾಂಪು ಮುಚ್ಚುವ ಮುಂಚಿನ ಕೊನೆಯ ರಜೆ. ಮತ್ತೆ ಹದಿನಾಲ್ಕನೇ ಜಾಗ ಸಿಕ್ಕಿತು. ಮತ್ತೆ ಅವೇ ಐದು ಕುರ್ಚಿ. ಡೆಲ್ಮರ್ ಬಂಡೆಯ ಪಕ್ಕ ನಿಂತ. ಬಂಡೆಯ ಮೇಲೆ ನಮ್ಮ ಗಾಡಿಯ ಬಿಳಿ ಗೀರು ಇನ್ನೂ ಇತ್ತು.

ಗಾಡಿಯನ್ನು ಬಾಗಿಸಿ ಒಳತಂದೆ, ನೆಟ್ಟಗೆ ಮಾಡಿದೆ. ಅವನು ಎರಡೂ ತೋಳು ಬೀಸುತ್ತಿದ್ದ. ಚೆನ್ನಾಗಿಯೇ ಬೀಸುತ್ತಿದ್ದ.

"ಏನ್ ಡೆಲ್, ಕೆಲ್ಸ ಕಲ್ತ್ಯಾ?" ಅರ್ವಿಡ್ ಕೂಗಿದ.

ನಾನು ವಾಕಿಟಾಕಿಯ ಗುಂಡಿ ಒತ್ತಿದೆ. ಬೇಸಿಗೆಯೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತು. "ಕಲಿಯೋದು ಹಂಗಿರ್ಲಿ ಅರ್ವಿಡ್. ತನಗೆ ಕೈ ಎರಡಿದೆ ಅನ್ನೋದೇ ಅವನಿಗಿನ್ನೂ ಅಂದಾಜು!"

ಕುರ್ಚಿಗಳು ಬಿದ್ದು ಬಿದ್ದು ನಕ್ಕವು. ಪರದೆ ನೋಡಿದೆ. ಡೆಲ್ಮರ್ ಕೂಡ ನಗುತ್ತಿದ್ದ. ಆ ನಗು ನನಗೆ ಗೊತ್ತು.

ಗಾಡಿಯನ್ನು ಇನ್ನೂ ಹಿಂದಕ್ಕೆ ಬಿಟ್ಟೆ. ನಾಲ್ಕಡಿ, ಮೂರಡಿ, ಒಂದಡಿ. ಈಗ ಅವನು ಮುಷ್ಟಿ ಎತ್ತಬೇಕು. ಎತ್ತಲಿಲ್ಲ. ನಗು ನಿಲ್ಲಿಸಿದ. ಕತ್ತೆತ್ತಿ ಕ್ಯಾಮರಾದೊಳಕ್ಕೇ ನೋಡಿದ. ಅದು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಟಾರ್ಚು ಹಿಡಿದವನಲ್ಲವೇ. ನಾನು ನೋಡುತ್ತಿದ್ದೇನೆ ಎಂದೂ ಗೊತ್ತಿತ್ತು. ಆಮೇಲೆ ಬಲಗೈಯನ್ನು ಸೊಂಟದ ಹತ್ತಿರ ತಂದ. ಅಂಗೈ ಮೇಲೆ ಮಾಡಿ, ನಾಲ್ಕೂ ಬೆರಳನ್ನು ಮೆಲ್ಲಗೆ ಮಡಚಿದ. ಮರಿಬೆಕ್ಕನ್ನು ಕರೆಯುವ ಹಾಗೆ. ಒಂದು ಸಲ. ಎರಡು ಸಲ. ಮೂರು ಸಲ.

ಬ್ರೇಕು ಪೂರ್ತಿ ಒತ್ತಿ ಗಾಡಿ ನಿಲ್ಲಿಸಿದೆ. ಅಂದು ಅವನಿಗೆ ಕಂಡಿತ್ತು. ನನ್ನ ಬೆರಳು, ಎಷ್ಟು ಸಲ ಮಡಚಿದೆ ಎನ್ನುವುದು, ಎಲ್ಲವೂ ಕಂಡಿತ್ತು. ಐದು ಜನ ಅವನ ಮುಖದೆದುರೇ ಸುಳ್ಳು ಹೇಳಿದ್ದನ್ನೂ ಅವನು ನೋಡಿದ್ದ. ಎಲ್ಲ ಗೊತ್ತಿದ್ದೂ ಬೀಗದ ಕೈ ಕೊಟ್ಟು, ಮೂರು ತಿಂಗಳು ನನ್ನ ಪಕ್ಕದಲ್ಲಿ ಮಲಗಿದ್ದ.

ಹೊರಗೆ ಚಪ್ಪಾಳೆ. ಐದು ತಟ್ಟೆಗಳ ಮೇಲೂ ಹತ್ತು. ಡೆಲ್ಮರ್ ನಿಧಾನವಾಗಿ ನಡೆದು ಬಂದು ನನ್ನ ಬಾಗಿಲು ತೆಗೆದ.

"ಇಳಿ ವರ್ನಾ," ಎಂದ. "ಚೆನ್ನಾಗಿ ನಿಲ್ಲಿಸಿದೆ."