ಉದ್ಯಾನ ನೋಡದ ಟೆಂಡರ್ ಪೆಟ್ಟಿಗೆ

ನಾನು ಒಂದು ಟೆಂಡರ್ ಪೆಟ್ಟಿಗೆ. ಹುಟ್ಟಿದ್ದು ಮೌಲಾಸಾಬರ ಟ್ರಂಕಿನ ಅಂಗಡಿಯಲ್ಲಿ. ಅಲ್ಲಿದ್ದ ಟ್ರಂಕುಗಳೆಲ್ಲ ಯಾರದೋ ಮನೆಯ ಬಟ್ಟೆಬರೆ ತುಂಬಿಕೊಳ್ಳಲು ಹೊರಟಿದ್ದವು. ನನ್ನ ನೆತ್ತಿಗೆ ಮಾತ್ರ ಲಕೋಟೆ ತೂರುವಷ್ಟು ಸೀಳು ಕೊಯ್ದು, ಎರಡು ಬೀಗಕ್ಕೆ ಕೊಂಡಿ ಹಚ್ಚಿ, “ಇದರ ಬಾಯಿ ಮ್ಯಾಲೈತಿ ನೋಡು” ಎಂದು ನಕ್ಕು ಅವರು ನನ್ನನ್ನು ನಗರಸಭೆಗೆ ಕಳಿಸಿಕೊಟ್ಟರು.

ನನ್ನ ಒಂದು ಕೀಲಿ ಎಂಜಿನಿಯರ್ ಸಾಹೇಬರ ಬಳಿ, ಇನ್ನೊಂದು ಲೆಕ್ಕಾಧಿಕಾರಿಗಳ ಬಳಿ ಇತ್ತು. ಒರೆಸುವ ಬಟ್ಟೆ ಮಾತ್ರ ಗುಮಾಸ್ತೆ ಇಂದುಮತಿ ಕಟಗೇರಿಯವರ ಬಳಿ. ಗಂಡ ತೀರಿಕೊಂಡ ಮೇಲೆ ಅವನ ನೌಕರಿಗೆ ಬಂದವರು ಅವರು. ಮಕ್ಕಳಿರಲಿಲ್ಲ, ಮಾತೂ ಕಡಿಮೆ. ಟೆಂಡರ್ ಇಲ್ಲದ ತಿಂಗಳುಗಳಲ್ಲಿ ನಾನು ಖಾಲಿ ಹೊಟ್ಟೆಯಲ್ಲಿ ಮೂಲೆ ಹಿಡಿದಿರುತ್ತಿದ್ದೆ. ಪಕ್ಕದ ಮೇಜಿನಲ್ಲಿ ಅವರು ತಲೆ ಎತ್ತದೆ ಬರೆಯುತ್ತಿದ್ದರು.

ಆ ವರ್ಷ ಹಳೇ ಸಂತೆಮೈದಾನದಲ್ಲಿ ಉದ್ಯಾನ ಕಟ್ಟಿಸಬೇಕೆಂದು ನಗರಸಭೆ ಠರಾವು ಮಾಡಿತು. ಲಕೋಟೆ ಹಾಕಲು ಮಧ್ಯಾಹ್ನ ಮೂರು ಗಂಟೆ ಕೊನೆಯ ಗಡುವು. ಬೆಳಿಗ್ಗೆಯೇ ವೀರನಗೌಡನೆಂಬ ದೊಡ್ಡ ಗುತ್ತಿಗೆದಾರನ ಏಳೆಂಟು ಆಳುಗಳು ಬಂದು ಬಾಗಿಲಿಗೆ ಅಡ್ಡ ನಿಂತರು. ಗೌಡನದೊಂದು, ಅವನ ಬಳಗದವರದೆರಡು ಲಕೋಟೆ ನನ್ನೊಳಗೆ ಬಿದ್ದವು. ಉಳಿದ ಗುತ್ತಿಗೆದಾರರು ದೂರದಿಂದಲೇ ನೋಡಿ ಹಿಂದಿರುಗಿದರು. ಎಂಜಿನಿಯರ್ ಸಾಹೇಬರು ಯಾವುದೋ ನೆಪ ಹೇಳಿ ಎದ್ದುಹೋಗಿದ್ದರು.

ಗಡುವಿಗೆ ಹತ್ತು ನಿಮಿಷವಿದ್ದಾಗ ದುರ್ಗಪ್ಪ ವಡ್ಡರ ಬಂದ. ಕಲ್ಲು ಕೆತ್ತಿ ಮೇಲೆ ಬಂದ ಸಣ್ಣ ಗುತ್ತಿಗೆದಾರ. ಅಂಗಿಯೊಳಗಿಂದ ಲಕೋಟೆ ತೆಗೆದು, “ಹಾದಿ ಬಿಡ್ರೆಪಾ” ಎಂದ.

“ಪೆಟ್ಟಿಗಿ ತುಂಬೇತಿ. ಮುಂದಿನ ಸಲ ಬಾ,” ಎಂದು ಒಬ್ಬ ಅವನ ಎದೆಗೆ ಕೈ ಕೊಟ್ಟು ತಳ್ಳಿದ.

ನನ್ನೊಳಗಿದ್ದದ್ದು ಮೂರೇ ಲಕೋಟೆ. ಬಾಯಿದ್ದೂ ನಾನು ಹೇಳುವಂತಿರಲಿಲ್ಲ.

“ತುಂಬಿಲ್ಲ,” ಎಂದರು ಇಂದುಮತಿ. ಆ ಕೋಣೆಯಲ್ಲಿ ಅವರ ದನಿ ಅಷ್ಟು ಗಟ್ಟಿಯಾಗಿ ಎದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಬಾಯಾರ, ನಿಮಗ್ಯಾಕ ಈ ಉಸಾಬರಿ? ಸುಮ್ನ ಕುಂದರ್ರಿ.”

ಅವರು ಕೂರಲಿಲ್ಲ. ಬಗ್ಗಿ, ನನ್ನನ್ನು ಎರಡೂ ಕೈಯಿಂದ ಎತ್ತಿ ಎದೆಗವಚಿಕೊಂಡರು. ಅವರ ಎದೆ ಢವಢವ ಹೊಡೆದುಕೊಳ್ಳುವುದು ನನ್ನ ತಗಡಿಗೆ ತಾಗುತ್ತಿತ್ತು. ಹೆಂಗಸಿನ ಮೈಗೆ ಕೈ ತಾಗೀತೆಂದು ಆಳುಗಳು ಒಂದು ಹೆಜ್ಜೆ ಸರಿದರು. ಆ ಒಂದು ಹೆಜ್ಜೆಯ ಸಂದಿನಲ್ಲಿ ಅವರು ಪಡಸಾಲೆಗೆ ಬಂದುಬಿಟ್ಟರು.

“ಪೆಟ್ಟಿಗಿ ಎಲ್ಲಾರ ಕೈಗೂ ಸಿಗಬೇಕಂತ ಕಾಯ್ದೆ ಐತಿ. ಹಾಕ್ರಿ, ದುರ್ಗಪ್ಪನವರ.”

ನಾಲ್ಕನೆಯ ಲಕೋಟೆ ಬಿತ್ತು.

ಸಂಜೆ ಎಲ್ಲರ ಎದುರಿಗೆ ನನ್ನ ಬೀಗ ತೆಗೆದರು. ದುರ್ಗಪ್ಪನ ದರವೇ ಎಲ್ಲಕ್ಕಿಂತ ಕಡಿಮೆ. ಕಾಗದಪತ್ರಗಳಲ್ಲಿ ಕೊಂಕು ಹುಡುಕಿದರೂ ಸಿಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗುತ್ತಿಗೆ ಅವನ ಹೆಸರಿಗೇ ಆಯಿತು.

ಅಂದಿನಿಂದ ಕಚೇರಿಯಲ್ಲಿ ಯಾರೂ ಇಂದುಮತಿಯವರನ್ನು ಚಹಾಕ್ಕೆ ಕರೆಯಲಿಲ್ಲ. “ಆಕೀಗೆ ದುರ್ಗಪ್ಪ ಏನ್ ಕೊಟ್ಟಾನೋ ಏನೋ,” ಎಂದು ಅವರಿಗೆ ಕೇಳುವಂತೆಯೇ ಪಿಸುಗುಟ್ಟುತ್ತಿದ್ದರು. ಊಟದ ಡಬ್ಬಿಯನ್ನು ಅವರು ನನ್ನ ತಲೆಯ ಮೇಲಿಟ್ಟುಕೊಂಡು, ಗೋಡೆಗೆ ಮುಖಮಾಡಿ ಉಣ್ಣತೊಡಗಿದರು. ಅರ್ಧ ರೊಟ್ಟಿ ದಿನಾ ಡಬ್ಬಿಯಲ್ಲೇ ಉಳಿಯುತ್ತಿತ್ತು.

ಎಂಟು ತಿಂಗಳಿಗೆ ದೂರದ ಊರಿಗೆ ವರ್ಗದ ಆದೇಶ ಬಂತು. ಕೊನೆಯ ದಿನ ದುರ್ಗಪ್ಪ ಬಾಗಿಲಲ್ಲಿ ಬಂದು ನಿಂತ.

“ಬಾಯಾರ, ಪಾರ್ಕಿನ್ಯಾಗ ಗಿಡದ ಸುತ್ತ ಕಲ್ಲಿನ ಕಟ್ಟಿ ಕಟ್ಟೇವಿ. ನಾನೇ ಕೆತ್ತೇನಿ. ಹೋಗೂದ್ರಾಗ ಒಮ್ಮೆ ಬಂದು ಕುಂತು ಹೋಗ್ರಿ.”

ಇಂದುಮತಿ ಪೆನ್ನಿನ ಮುಚ್ಚಳ ಹಾಕಿದರು.

“ಬರಾಕ ಮನಸೈತಿ, ದುರ್ಗಪ್ಪನವರ. ಆದ್ರ ಅಲ್ಲಿ ನನ್ನ ಕಂಡವರು, ಕಚೇರಿಯಾಗ ಮಂದಿ ಅಂದದ್ದು ಖರೆ ಅಂತಾರ. ನಿಮ್ಮ ಕೆಲಸಕ್ಕೂ ಮಸಿ ಹತ್ತತೈತಿ.”

ಅವನು ಕೈಮುಗಿದು ಹೋದ. ಅವರು ಮೇಜು ಒರೆಸಿದರು, ನನ್ನನ್ನೂ ಒರೆಸಿದರು, ಬಸ್ಸಿನ ಹೊತ್ತಾಯಿತೆಂದು ಹೊರಟರು. ಆ ಉದ್ಯಾನವನ್ನು ಅವರು ನೋಡಲೇ ಇಲ್ಲ.

ಮುಂದೆ ಟೆಂಡರುಗಳು ಕಂಪ್ಯೂಟರಿಗೆ ಹೋದವು. ನನ್ನನ್ನು ಉಗ್ರಾಣಕ್ಕೆ ತಳ್ಳಿದರು. ಕೆಟ್ಟ ಬೀದಿದೀಪಗಳ ಸಂಗಡ ಹನ್ನೊಂದು ವರ್ಷ ಕಳೆದೆ. ಬಣ್ಣ ಉದುರಿತು, ತಳ ತುಕ್ಕು ಹಿಡಿಯಿತು. ಕಡೆಗೊಂದು ದಿನ ಹರಾಜಿನಲ್ಲಿ ಹಳೇ ಸಂತೆಮೈದಾನದ ಹತ್ತಿರದ ಈ ಗುಜರಿ ಅಂಗಡಿಗೆ ಬಂದೆ.

ಇಲ್ಲಿ ತಗಡು ವಿಂಗಡಿಸುವ ಹೊಳಿಯವ್ವ ಎಂಬ ಮುದುಕಿ ಇದ್ದಾಳೆ. ಮಧ್ಯಾಹ್ನವಾದರೆ ಸೆರಗಿನಿಂದ ಮುಖ ಒರೆಸಿಕೊಂಡು ಜೊತೆಯವಳನ್ನು ಕೂಗುತ್ತಾಳೆ: “ಏಳ ಯವ್ವಾ, ಪಾರ್ಕಿಗೆ ಹೋಗೂಣು. ಆ ಕಲ್ಲಿನ ಕಟ್ಟಿ ಮ್ಯಾಲೆ ಅಡ್ಡಾದ್ರ ಏನ್ ತಂಪೈತಿ! ಅಲ್ಲಿ ಏಳು ಅನ್ನೋರು ಯಾರೂ ಇಲ್ಲ.”

ಇಬ್ಬರೂ ಹೋಗುತ್ತಾರೆ. ಅಂಗಡಿ ನಿಶ್ಶಬ್ದವಾಗುತ್ತದೆ. ನನಗೂ ಇಂದುಮತಿಯವರಿಗೂ ಆ ನೆರಳು ದಕ್ಕಲಿಲ್ಲ. ಎಲ್ಲೋ ಒಂದು ಊರಿನಲ್ಲಿ ಅವರು ಈಗಲೂ ಒಬ್ಬರೇ ಉಣ್ಣುತ್ತಿರಬಹುದು. ಹೊಳಿಯವ್ವ ದಿನಾ ಅಲ್ಲಿ ಮಲಗಿ ಎದ್ದು ಬರುತ್ತಾಳೆಂಬ ಈ ಒಂದು ಮಾತನ್ನು ಅವರಿಗೆ ಯಾರಾದರೂ ಮುಟ್ಟಿಸಿದ್ದರೆ ಸಾಕಿತ್ತು.