ಹತ್ತಿ ತುಂಬಿದ ಗವಸು

ಕಂಪ್ಯೂಟರ್ ಕೆಟ್ಟಿತು ಅಂತ ಯಾರಾದರೂ ಅಳುತ್ತಾರೆಯೇ? ಟೈಲರಮ್ಮ ಅತ್ತಳು. ಅದೂ ಸದ್ದಿಲ್ಲದೆ ಅಳಬೇಕಾಗಿತ್ತು, ಯಾಕೆಂದರೆ ಪಕ್ಕದ ಕೋಣೆಯಲ್ಲಿ ಗಂಡ ಮಲಗಿದ್ದ. ಕೈಗೆ ಸಿಕ್ಕಿದ್ದು ಯಾರೋ ಗಿರಾಕಿಯ ಅರ್ಧ ಹೊಲಿದ ಅಂಗಿ. ಅದರ ತೋಳನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ, ಅಯ್ಯೋ, ಕಂಡವರ ಬಟ್ಟೆ, ಅಂತ ನೆನಪಾಗಿ ಅದನ್ನು ಕೊಡವಿ ಮಡಿಸಿಟ್ಟು, ಮೇಜಿನ ಕೆಳಗೆ ಬಗ್ಗಿ ಮತ್ತೆ ಬಟನ್ ಒತ್ತಿದಳು.

ಪರದೆಯ ನಡುವೆ ಸಣ್ಣ ಬಿಳಿ ಚುಕ್ಕಿಗಳು ಒಂದರ ಹಿಂದೆ ಒಂದು ಸುತ್ತತೊಡಗಿದವು. ಕೆಳಗೆ, ರಿಪೇರಿಗೆ ಸಿದ್ಧತೆ ನಡೆದಿದೆ ಅಂತ ಬರಹ. ಸ್ವಲ್ಪ ಹೊತ್ತಿಗೆ, ತೊಂದರೆ ಏನೆಂದು ಹುಡುಕುತ್ತಿದೆ ಅಂತ. ಪ್ರತಿ ಸಲವೂ ಈ ಮಾತಿಗೆ ಅವಳಿಗೆ ಆಸೆ ಹುಟ್ಟುತ್ತಿತ್ತು. ಹುಡುಕಪ್ಪಾ, ಹುಡುಕು, ನಿನಗೆ ಕೈ ಮುಗೀತೀನಿ. ಅದು ಹುಡುಕಿ ಹುಡುಕಿ ಕೊನೆಗೆ, ರಿಪೇರಿ ಮಾಡಲಾಗಲಿಲ್ಲ ಅಂತ ನೀಲಿ ಪರದೆ ತೋರಿಸಿ ಕೈಯೆತ್ತಿಬಿಡುತ್ತಿತ್ತು. ಏನು ಒತ್ತಿದರೂ ತಾನೇ ಆರಿ, ತಾನೇ ಹೊತ್ತಿ, ಮತ್ತೆ ಅದೇ ಚುಕ್ಕಿ, ಅದೇ ಸಿದ್ಧತೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಆ ದಾಸನಾದರೂ ಉಸಿರು ತಗೊಳ್ಳೋಕೆ ನಿಲ್ಲಿಸುತ್ತಿದ್ದ. ಇದು ಬೆಳಿಗ್ಗೆಯಿಂದ ನಿಲ್ಲಿಸಿರಲಿಲ್ಲ.

ಹೋದರೆ ಹೋಗಲಿ ಹಳೇ ಡಬ್ಬ ಅನ್ನುವ ಹಾಗೂ ಇರಲಿಲ್ಲ. ಅದರೊಳಗೆ ಅವಳ ಗಂಡನ ದನಿ ಇತ್ತು.

ಗಂಡ ಬಸ್ ನಿಲ್ದಾಣದ ಅನೌನ್ಸರ್. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದುಹೋಗಿ ಕಚೇರಿಯಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದೆ, ಎಲ್ಲವನ್ನೂ ಜನ ಅವನ ಬಾಯಿಂದಲೇ ಕೇಳುತ್ತಿದ್ದರು. "ಪ್ರಯಾಣಿಕರ ಗಮನಕ್ಕೆ" ಅಂತ ಅವನು ಶುರುಮಾಡಿದರೆ ಪ್ರಯಾಣ ಇಲ್ಲದವರೂ ತಲೆಯೆತ್ತುತ್ತಿದ್ದರು. ಅಂಥವನ ಗಂಟಲಲ್ಲೇ ಗಡ್ಡೆ ಬೆಳೆಯಬೇಕೇ? ದೇವರಿಗೆ ಬೇರೆ ಜಾಗವೇ ಸಿಗಲಿಲ್ಲವೇ? ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರು ಮಾತ್ರ ಒಂದು ದಾರಿ ತೋರಿಸಿದರು. ಆಪರೇಷನ್ನಿಗೆ ಮೊದಲು ಈ ಹಾಳೆಯ ಸಾಲುಗಳನ್ನು ಓದಿ, ಆದಷ್ಟು ಮಾತು ರೆಕಾರ್ಡ್ ಮಾಡಿ ತಂದುಕೊಡಿ. ಅದನ್ನಿಟ್ಟುಕೊಂಡು ನಿಮ್ಮದೇ ದನಿ ತಯಾರು ಮಾಡಿಸುತ್ತೇವೆ. ಆಮೇಲೆ ನೀವು ಫೋನಿನಲ್ಲಿ ಬರೆದದ್ದನ್ನು ಅದು ನಿಮ್ಮ ಹಾಗೆಯೇ ಹೇಳುತ್ತದೆ.

ರೆಕಾರ್ಡೇನೋ ಆಯಿತು, ಕೊಡುವುದು ಆಗಲಿಲ್ಲ. ಈ ಮನುಷ್ಯನ ಜಾಯಮಾನವೇ ಹಾಗೆ. ಬಸ್ಸಿನ ಹೆಸರಲ್ಲಿ ಒಂದು ಅಕ್ಷರ ತೊದಲಿದರೆ ರಾತ್ರಿ ನಿದ್ದೆ ಮಾಡದವನು. "ಎರಡು ಸಾಲು ಸರಿ ಬಂದಿಲ್ಲ ಕಣೇ, ಸರಿ ಮಾಡಿ ಕೊಡ್ತೀನಿ," ಅನ್ನುವನು. ಮಾರನೇ ದಿನ ಇನ್ನೆರಡು ಸಾಲು ಸರಿ ಇರುತ್ತಿರಲಿಲ್ಲ. ಹಾಗೆ ಸರಿ ಮಾಡುತ್ತ ಮಾಡುತ್ತ ಆಪರೇಷನ್ ದಿನವೇ ಬಂದುಬಿಟ್ಟಿತು. ಈಗ ಕತ್ತಿಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದಿದ್ದಾನೆ. ನೀರು ಬೇಕಾದರೆ ಮಂಚದ ಕಂಬಿಗೆ ಚಮಚದಲ್ಲಿ ಬಡಿಯುತ್ತಾನೆ, ಹೇಳುವುದಿದ್ದರೆ ಸ್ಲೇಟಿನ ಮೇಲೆ ಬರೆಯುತ್ತಾನೆ. ರೆಕಾರ್ಡ್ ಮಾಡಿದ್ದಕ್ಕೆ ಬೇರೆ ನಕಲು ಅಂತ ಎಲ್ಲೂ ಇಲ್ಲ. ನಾಳೆ ಆಸ್ಪತ್ರೆಗೆ ಕೊಡೋಣ ಅಂತ ಇವಳು ಪೆನ್‌ಡ್ರೈವ್ ಹಿಡಿದು ಕೂತರೆ, ಡಬ್ಬ ಏಳುತ್ತಿಲ್ಲ.

ಫೋನ್ ಮಾಡಿದ್ದಕ್ಕೆ ನಾದಿನಿ ಶಾಲೆಯಿಂದ ನೇರ ಬಂದಳು. ಅವಳು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವವಳು. ಚಪ್ಪಲಿ ಬಿಡುತ್ತಲೇ, "ಎಲ್ಲಿ ಅತ್ತಿಗೆ ನಿಮ್ಮ ಪೇಷಂಟು?" ಅಂತ ದೊಡ್ಡ ದನಿ ತೆಗೆದಳು.

"ಶ್! ಮೆಲ್ಲಗೆ ಕಣೇ. ಅವರಿಗೆ ಹೇಳಿಲ್ಲ."

"ಅಣ್ಣನಿಗೆ ಹೇಳಿಲ್ವಾ?"

"ಏನಂತ ಹೇಳ್ಲಿ? ಗಂಟಲಿಂದ ಡಾಕ್ಟರು ತೆಗೆದ್ರು, ಉಳಿದಿದ್ದನ್ನ ಕಂಪ್ಯೂಟರ್ ನುಂಗ್ತು ಅಂತಲಾ? ಮೊದಲು ಇದನ್ನ ಎಬ್ಬಿಸು ತಾಯಿ, ಆಮೇಲೆ ಹೇಳೋಣ."

ನಾದಿನಿ ಕುರ್ಚಿ ಎಳೆದು ಕೂತಳು. ನೀಲಿ ಪರದೆ ಬಂದಾಗ ಅದರೊಳಗೆ ಹೊಕ್ಕು ಒಂದೊಂದೇ ಬಾಗಿಲು ತಟ್ಟಿದಳು. ಹಿಂದಿನ ಸ್ಥಿತಿಗೆ ಮರಳಿಸಿ ನೋಡಿದಳು, ಆಗಲಿಲ್ಲ. ಹೊಸದಾಗಿ ಸೇರಿದ್ದನ್ನು ಕಿತ್ತುಹಾಕಲು ನೋಡಿದಳು, ಅದೂ ಇಲ್ಲ. ಅಗತ್ಯವಿದ್ದಷ್ಟನ್ನೇ ಇಟ್ಟುಕೊಂಡು ಏಳು ಅಂದರೆ, ಅದು ಎದ್ದಂತೆ ಮಾಡಿ ಮತ್ತೆ ಅದೇ ಚುಕ್ಕಿಗಳಿಗೆ ಬಂತು. ಟೈಲರಮ್ಮ ಅವಳ ಬೆನ್ನ ಹಿಂದೆ ನಿಂತು ಪರದೆ ನೋಡುವುದು ಬಿಟ್ಟು ನಾದಿನಿಯ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರ ಮುಂದೆ ಕೂತಾಗಲೂ ಅವಳು ಹೀಗೆಯೇ ನೋಡಿದ್ದಳು. ಹುಬ್ಬು ಗಂಟಿಕ್ಕಿದರೆ ಮುಗೀತು ಅಂತ.

ನಾದಿನಿಯ ಹುಬ್ಬು ಗಂಟಿಕ್ಕಿತು.

"ಅತ್ತಿಗೆ, ಎಲ್ಲಾ ಅಳಿಸಿ ಹೊಸದಾಗಿ ಹಾಕೋ ದಾರಿ ಒಂದಿದೆ. ಕಂಪ್ಯೂಟರ್ ಏನೋ..."

ಮಾತು ಮುಗಿಯುವ ಮೊದಲೇ ಟೈಲರಮ್ಮ ಅವಳ ಮಣಿಕಟ್ಟು ಹಿಡಿದಿದ್ದಳು. "ಮುಟ್ಟಬೇಡ! ಅಳಿಸೋದು ಅನ್ನೋ ಮಾತು ಈ ಮನೇಲಿ ಆಡಬೇಡ!"

"ಅಯ್ಯೋ, ಮಾಡ್ತೀನಿ ಅಂದ್ನಾ? ಇದೆ ಅಂದೆ ಅಷ್ಟೆ. ಕೈ ಬಿಡಿ, ನೋಯುತ್ತೆ." ನಾದಿನಿ ಕೈ ಉಜ್ಜಿಕೊಂಡು ಮೇಜಿನ ಕೆಳಗೆ ಬಗ್ಗಿದಳು. "ಒಂದ್ಸಲ ಡಬ್ಬ ಬಿಚ್ಚಿ ನೋಡ್ತೀನಿ. ಇದೇನಿದು?"

ಅದು ಗವಸು. ಡಬ್ಬಕ್ಕೆ ಟೈಲರಮ್ಮ ತಾನೇ ಹೊಲಿದ, ಒಳಗೆ ಹತ್ತಿ ತುಂಬಿದ, ಸುತ್ತ ಅಂಚು ಕಟ್ಟಿದ ಗವಸು. ಪವರ್ ಬಟನ್ ಇರುವಲ್ಲಿ ಬೆರಳು ತೂರುವಷ್ಟು ಕಾಜ ಬೇರೆ ತೆಗೆದಿದ್ದಳು, ಕೋಟಿಗೆ ತೆಗೆಯುತ್ತಾರಲ್ಲ ಹಾಗೆ.

"ಕಂಪ್ಯೂಟರಿಗೆ ಸ್ವೆಟರಾ ಅತ್ತಿಗೆ?" ನಾದಿನಿಗೆ ನಗು ತಡೆಯಲಾಗಲಿಲ್ಲ. "ಅದಕ್ಕೇನು ನೆಗಡಿ ಆಗಿತ್ತಾ?"

"ಅದರ ಫ್ಯಾನು ಗುಂಯ್ ಅಂತಿತ್ತು ಕಣೇ. ರೆಕಾರ್ಡಿಂಗಲ್ಲಿ ಬರುತ್ತೆ ಅಂತ ನಿಮ್ಮಣ್ಣ ದಿನಾ ರೇಗ್ತಿದ್ರು. ಮನೇಲಿ ಫ್ರಿಜ್ ಆರಿಸಿದ್ವಿ, ಗೋಡೆ ಗಡಿಯಾರದ ಸೆಲ್ ತೆಗೆದ್ವಿ, ಇದೊಂದನ್ನ ಮಾತ್ರ ಆರಿಸೋ ಹಾಗಿರ್ಲಿಲ್ಲ. ಅದಕ್ಕೇ ಹೊದಿಸಿದೆ. ಆಮೇಲೆ ಸದ್ದೇ ಇಲ್ಲ ಗೊತ್ತಾ? ನಿಮ್ಮಣ್ಣ ಎಷ್ಟು ಖುಷಿಪಟ್ರು!"

ನಾದಿನಿಯ ನಗು ನಿಂತುಹೋಗಿತ್ತು. ಗವಸು ಕಳಚಿ, ಡಬ್ಬದ ಪಕ್ಕದ ತಗಡು ಬಿಚ್ಚಿದಳು. ಒಳಗಿನ ಫ್ಯಾನಿನ ಎಸಳುಗಳ ಮೇಲೆ ಹತ್ತಿಯ ಜುಂಗು, ನೂಲಿನ ಎಳೆ, ಬಟ್ಟೆಯ ಧೂಳು ಒಂದು ಪದರವಾಗಿ ಕೂತಿತ್ತು. ಹಾರ್ಡ್ ಡಿಸ್ಕಿನ ಮೇಲೆ ಬೆರಳಿಟ್ಟವಳು ಚಟ್ಟನೆ ತೆಗೆದಳು.

"ಗಾಳಿ ಆಡಿಲ್ಲ ಅತ್ತಿಗೆ. ಆವತ್ತಿಂದ ಬೇಯ್ತಾ ಇದೆ ಇದು."

ಟೈಲರಮ್ಮ ಗವಸಿನ ಕಡೆ ನೋಡಿದಳು. ತಾನು! ಬೇರೆ ಯಾರೂ ಅಲ್ಲ, ತಾನೇ, ಇದೇ ಕೈಯಲ್ಲಿ, ಒಂದೊಂದು ಹೊಲಿಗೆಯನ್ನೂ ಮುತುವರ್ಜಿಯಿಂದ ಹಾಕಿ, ಗಂಡನ ದನಿಗೆ ಉಸಿರುಗಟ್ಟಿಸಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂದರೆ ಇದೇ ತಾನೇ. ಅವಳು ಗವಸನ್ನು ಎತ್ತಿಕೊಂಡು ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ತೊಡೆಯ ಮೇಲೆ ಹಾಕಿಕೊಂಡು ನೆಲದ ಮೇಲೆ ಕುಸಿದು ಕೂತಳು.

"ಸತ್ತಿದೆಯಾ?"

"ಇನ್ನೂ ಇಲ್ಲ. ಸಾಯ್ತಾ ಇದೆ. ನಾವು ರಿಪೇರಿ ರಿಪೇರಿ ಅಂತ ಎಬ್ಬಿಸಿದಷ್ಟೂ ಡಿಸ್ಕಿಗೆ ಹಿಂಸೆ." ನಾದಿನಿ ಬ್ರಶ್ ತರಿಸಿ ಜುಂಗನ್ನೆಲ್ಲ ಕೆರೆದು, ಮೇಜಿನ ಫ್ಯಾನನ್ನು ಡಬ್ಬದ ಬಾಯಿಗೆ ತಿರುಗಿಸಿಟ್ಟಳು. "ರಿಪೇರಿ ಆಸೆ ಬಿಟ್ಬಿಡೋಣ. ಉರಿಯೋ ಮನೇಲಿ ಗಳ ಹಿರಿದಷ್ಟೇ ಲಾಭ. ಒಳಗಿರೋದನ್ನ ಹೊರಗೆ ಎಳ್ಕೊಳ್ಳೋಣ."

ನೀಲಿ ಪರದೆಯ ಮೂಲೆಯಿಂದ ಅವಳು ಒಂದು ಕಪ್ಪು ಕಿಟಕಿ ತೆರೆದಳು. ಅದರಲ್ಲಿ ಏನೋ ಬರೆದಳು. ಖಾಲಿ ಹಾಳೆಯಂಥ ಇನ್ನೊಂದು ಕಿಟಕಿ ಬಂತು. ಅದರಲ್ಲಿ ಫೈಲು ತೆರೆಯುವವಳ ಹಾಗೆ ನಟಿಸಿ ಡಿಸ್ಕಿನೊಳಗೆ ಇಣುಕಿದಳು. ಕಂಪ್ಯೂಟರ್ ಏಳದಿದ್ದರೇನು, ಹಿತ್ತಿಲ ಬಾಗಿಲು ತೆರೆದಿತ್ತು. ಫೋಲ್ಡರುಗಳ ಹೆಸರು ಕಂಡಾಗ ಟೈಲರಮ್ಮ ಮೊಣಕಾಲಲ್ಲೇ ಪರದೆಯ ಹತ್ತಿರ ಸರಿದಳು. ಗಂಡ ಇಟ್ಟ ಹೆಸರುಗಳೇ. ಒಂದು, "ಸರಿಯಾದದ್ದು". ಇನ್ನೊಂದು, "ಹಾಳಾದದ್ದು".

"ಹಾಳಾದ್ದನ್ನೂ ಯಾಕೆ ಇಟ್ಕೊಂಡಿದ್ದಾನೆ ಅಣ್ಣ?"

"ಯಾವ ತಪ್ಪಾಯ್ತು ಅಂತ ಆಮೇಲೆ ಕೇಳ್ಕೊಂಡು ತನಗೆ ತಾನೇ ಬೈಕೊಳ್ಳೋಕೆ. ನೀನು ಸರಿಯಾದದ್ದು ತಗೋ, ಬೇಗ."

ನಾದಿನಿ ಪೆನ್‌ಡ್ರೈವ್ ಸಿಕ್ಕಿಸಿ ನಕಲು ಮಾಡಲು ಕೊಟ್ಟಳು. ಡಬ್ಬದೊಳಗಿಂದ ಟಕ್, ಟಕ್ ಅಂತ ಸದ್ದು ಬಂತು. ಕಾದರು. ಉಗುರು ಕಚ್ಚುತ್ತಾ ಕಾದರು. ಮೊದಲ ಫೈಲೇ ದಾಟಲಿಲ್ಲ. ಟಕ್, ಟಕ್, ಟಕ್. ಆಮೇಲೆ ಎಲ್ಲವೂ ಸ್ತಬ್ಧವಾಗಿ, ಡಬ್ಬ ತಾನೇ ಆರಿ, ತಾನೇ ಹೊತ್ತಿ, ಅದೇ ಹಾಳು ಬಿಳಿ ಚುಕ್ಕಿಗಳು ಬಂದವು.

"ದೊಡ್ಡ ದೊಡ್ಡ ಫೈಲು. ಎಲ್ಲಾ ಜೋಡಿಸಿ ಒಂದು ಮಾಡಿಟ್ಟಿದ್ದಾನೆ," ಅಂದಳು ನಾದಿನಿ. ಬಟನ್ ಒತ್ತಿ ಹಿಡಿದು ಡಬ್ಬ ಆರಿಸಿದಳು. "ಹಾಳಾದದ್ದು ಸಣ್ಣ ಸಣ್ಣ ತುಂಡು. ಅದು ಬಂದರೂ ಬರಬಹುದು. ಆದರೆ ಒಂದು ಮಾತು ಅತ್ತಿಗೆ. ಈ ಡಿಸ್ಕು ಇನ್ನೊಂದ್ಸಲ ಏಳುತ್ತೆ, ಅಷ್ಟೇ ಅನ್ಸುತ್ತೆ. ಮತ್ತೆ ಸರಿಯಾದದ್ದಕ್ಕೇ ಕೈ ಹಾಕೋಣ್ವೋ, ಇಲ್ಲಾ ಹಾಳಾದದ್ದು ತಗೊಳ್ಳೋಣ್ವೋ, ನೀವೇ ಹೇಳಿ."

ಟೈಲರಮ್ಮ ಲೆಕ್ಕ ಹಾಕಿದಳು. ಸರಿಯಾದದ್ದು ಅಂದರೆ ಅವನು ನಿದ್ದೆಗೆಟ್ಟು ತಿದ್ದಿದ್ದು. ಹಾಳಾದದ್ದು ಅಂದರೆ ಕೆಮ್ಮಿದ್ದು, ತೊದಲಿದ್ದು, ಬೀದಿಯಲ್ಲಿ ಗಾಡಿ ಹೋಗಿದ್ದು, ಇವಳು ಮರೆತು ಹೊಲಿಗೆ ಮಿಶನ್ ತುಳಿದದ್ದು. ಅಂಥದ್ದರಿಂದ ಮಾಡಿದ ದನಿಯನ್ನು ಅವನು ಬಾಯಿಗೆ ಹಚ್ಚಿಕೊಳ್ಳುತ್ತಾನೆಯೇ? ಸರಿಯಾದದ್ದೇ ಅಂದುಬಿಟ್ಟು ಅದೂ ಬರದೇ ಹೋದರೆ? ಅಷ್ಟರಲ್ಲಿ ಒಳಗಿಂದ ಚಮಚ ಕಂಬಿಗೆ ಬಡಿಯಿತು.

ನೀರು ತಗೊಂಡು ಹೋದವಳು ಲೋಟ ಕೊಡಲಿಲ್ಲ. ಮಂಚದ ಅಂಚಿನಲ್ಲಿ ಕೂತು ಒಂದೇ ಉಸಿರಿಗೆ ಎಲ್ಲಾ ಹೇಳಿದಳು. "ನಾನು ಹೊಲಿದ ಗವಸಿಂದಲೇ ರೀ. ನಾನೇ ಬೇಯಿಸಿಬಿಟ್ಟೆ. ಬೈಯಿರಿ ಬೇಕಾದ್ರೆ..." ಅಂದವಳಿಗೆ ಆ ಮಾತು ಬಾಯಿಂದ ಬಂದ ಮೇಲೆ ತಾನೇನು ಕೇಳಿದೆ ಅಂತ ಹೊಳೆದು, ಮುಖ ಮುಚ್ಚಿಕೊಂಡಳು.

ಅವನು ಅವಳ ಕೈಯಿಂದ ಲೋಟ ತಗೊಂಡು ಪಕ್ಕಕ್ಕಿಟ್ಟ. ಎದ್ದ. ಅವಳ ಭುಜ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು ತಂಗಿಯ ಪಕ್ಕದಲ್ಲಿ ಕೂತ. ನಾದಿನಿ ಎರಡೂ ಹೆಸರು ಅವನ ಸ್ಲೇಟಿನಲ್ಲಿ ಬರೆದು ತೋರಿಸಿದಳು. ಅವನು ಯೋಚಿಸಲಿಲ್ಲ. ಬೆರಳನ್ನು ನೇರ "ಹಾಳಾದದ್ದು" ಮೇಲೆ ಇಟ್ಟ.

"ಅದು ಕೆಟ್ಟಿದ್ದು ರೀ!" ಟೈಲರಮ್ಮ ಕೂಗಿಕೊಂಡಳು. "ಅಷ್ಟು ಕಷ್ಟಪಟ್ಟು ಓದಿದ್ರಿ. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡಬೇಡಿ!"

ಅವನು ಅದೇ ಸ್ಲೇಟು ತಗೊಂಡು ಬರೆದ. ಅಕ್ಷರ ಎಂದಿನಂತೆ ದುಂಡಗಿತ್ತು. "ಸರಿಯಾದದ್ದೆಲ್ಲ ಓದಿದ್ದು. ಇದು ಮಾತಾಡಿದ್ದು."

ನಾದಿನಿ ಡಬ್ಬ ಹೊತ್ತಿಸಿದಳು. ಮತ್ತೆ ಕಪ್ಪು ಕಿಟಕಿ, ಮತ್ತೆ ಹಿತ್ತಿಲ ಬಾಗಿಲು. ಈ ಸಲ ಫೈಲುಗಳು ಒಂದೊಂದಾಗಿ ದಾಟತೊಡಗಿದವು. ಕೆಲವು ನಿಂತವು, ಕೆಲವು ಬಿಟ್ಟುಹೋದವು, ಮಿಕ್ಕವು ಬಂದವು. ಮೂವರೂ ಕದಲಲಿಲ್ಲ. ಟೈಲರಮ್ಮ ಗವಸನ್ನು ಮುಷ್ಟಿಯಲ್ಲಿ ಹಿಂಡುತ್ತಾ, ಬಾ, ಬಾ, ಇನ್ನೊಂದು ಬಾ ಅಂತ ಬಾಯೊಳಗೇ ಕರೆಯುತ್ತಿದ್ದಳು. ಸಾಕಷ್ಟು ಬಂದ ಮೇಲೆ ಡಿಸ್ಕು ಒಮ್ಮೆ ಕಿರ್ ಅಂದು ನಿಂತಿತು. ಮತ್ತೆ ಹೊತ್ತಿಸಿದಾಗ ಚುಕ್ಕಿಗಳೂ ಬರಲಿಲ್ಲ. ಸರಿಯಾದದ್ದು ಅದರೊಂದಿಗೇ ಹೋಯಿತು.

"ಇಷ್ಟು ಸಾಕಾಗುತ್ತಾ?" ಟೈಲರಮ್ಮ ಕೇಳಿದಳು.

ನಾದಿನಿ ಆಸ್ಪತ್ರೆಯ ಮೇಡಂಗೆ ಫೋನ್ ಮಾಡಿ ಕೇಳಿ, "ಸಾಕಂತೆ. ಹಿಂದಿನ ಸದ್ದೆಲ್ಲ ಸೋಸಿ ತೆಗೀತಾರಂತೆ," ಅಂದಳು. ಆಮೇಲೆ ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. "ಕೆಟ್ಟಿಲ್ಲ ತಾನೇ ನೋಡೋಣ," ಅಂತ ಸಿಕ್ಕ ಒಂದನ್ನು ಒತ್ತಿದಳು.

ಹಿಂದೆ ಎಲ್ಲೋ ಮಿಶನ್ನಿನ ಕಟಕಟ. ಮುಂದೆ, ಎದೆಯಿಂದ ಬಂದ ಆ ತುಂಬು ದನಿ: "ನಾಳೆ ಬೆಳಿಗ್ಗೆ ನಾನು ನಿಮ್ಮನ್ನು..." ಅಲ್ಲಿಗೆ ನಿಂತು, ಉಸಿರೆಳೆದುಕೊಂಡು, ಒಮ್ಮೆಗೇ ಸ್ಫೋಟಿಸಿತು. "ಏನೇ! ಕೇಳಿಸ್ತಾ ಇದ್ಯಾ? ಮಿಶನ್ ನಿಲ್ಲಿಸು ಅಂದ್ನಲ್ಲ!"

"ನಿಲ್ಲಿಸಿದೆ ರೀ, ನಿಲ್ಲಿಸಿದೆ!" ಅಂತ ಟೈಲರಮ್ಮ ದಡಬಡ ಎದ್ದು, ಮೂಲೆಯಲ್ಲಿದ್ದ ಮಿಶನ್ ಕಡೆಗೆ ಓಡಿ, ಅದರ ಚಕ್ರದ ಮೇಲೆ ಕೈಯಿಟ್ಟಳು.

ಚಕ್ರ ತಿರುಗುತ್ತಿರಲಿಲ್ಲ. ಅವಳು ಹಾಗೆಯೇ ನಿಂತಳು. ತಿರುಗಿ ನೋಡಿದರೆ ಅವನು ಕುರ್ಚಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದ. ಕತ್ತಿನ ಪಟ್ಟಿ ಮೇಲಕ್ಕೂ ಕೆಳಕ್ಕೂ ಅಲುಗುತ್ತಿತ್ತು, ನಗುತ್ತಿದ್ದನೋ ಅಳುತ್ತಿದ್ದನೋ, ಸದ್ದಿಲ್ಲದ್ದಕ್ಕೆ ತಿಳಿಯಲಿಲ್ಲ. ನಾದಿನಿ ಕಣ್ಣೊರೆಸಿಕೊಂಡು, ಮುಂದಿನದನ್ನು ಹಾಕಲು ಕೈ ಚಾಚಿದಳು.

"ತಡಿಯೇ," ಅಂದಳು ಟೈಲರಮ್ಮ. "ಅದನ್ನೇ ಹಾಕು. ಇನ್ನೊಂದ್ಸಲ ಬೈಸ್ಕೋತೀನಿ."