ತಂಬಾಕಿನ ನೀರು

"ಹಿಂಗಾಲು ಗಟ್ಟಿ ಹಿಡಿ. ಕಣ್ಣಿಗೆ ಸಿಡದ್ರ ಉರೀತೈತಿ ಅದಕ್ಕ," ಎಂದ ಹುಲಗಪ್ಪ.

ಮಾಳವ್ವ ನಾಯಿ ಚಿಗರಿಯ ಸೊಂಟವನ್ನು ಮೊಳಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದಳು. ಚಿಗರಿ ಗುರುಗುಟ್ಟಲಿಲ್ಲ, ಕೊಸರಾಡಲೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಮಾಡುತ್ತಿದ್ದಾರೆಂದ ಮೇಲೆ ಅದು ತನ್ನ ಒಳ್ಳೆಯದಕ್ಕೇ ಇರಬೇಕೆಂದು ತಲೆ ತಗ್ಗಿಸಿ ನಿಂತಿತ್ತು. ಹುಲಗಪ್ಪ ಗಡಿಗೆಯೊಳಗೆ ಹರಕು ಕಂಬಳಿಯ ಚೂರು ಅದ್ದಿ ಅದರ ಬೆನ್ನಿನ ಮೇಲೆ ಹಿಂಡಿದ. ಕಂದು ನೀರು ಪಕ್ಕೆಗಳ ಮೇಲಿಂದ ಇಳಿದು ಕರಿಮಣ್ಣಿಗೆ ಸೇರಿತು.

ಹೋದ ದೀಪಾವಳಿಯಲ್ಲಿ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದ ಮೈ ಅದು. ಈಗ ಬೆನ್ನಿನ ಮೇಲೆ, ಬಾಲದ ಬುಡದಲ್ಲಿ ಕೂದಲೆಲ್ಲ ಉದುರಿ, ಚರ್ಮ ಬೂದಿಯ ಬಣ್ಣಕ್ಕೆ ತಿರುಗಿ ದಪ್ಪಗಾಗಿತ್ತು. ಕಿವಿಯ ಅಂಚನ್ನು ಕೆರೆದು ಕೆರೆದು ರಕ್ತ ಮಾಡಿಕೊಂಡಿತ್ತು. ಬೇವಿನೆಣ್ಣೆ ಹಚ್ಚಿ ಆಯಿತು, ಗಂಧಕ ಅರೆದು ಹಚ್ಚಿ ಆಯಿತು. ಕಜ್ಜಿ ಯಾವುದಕ್ಕೂ ಜಗ್ಗಲಿಲ್ಲ.

ಬರೀ ನಾಯಿಯ ಕಜ್ಜಿಯಾಗಿದ್ದರೆ ಹುಲಗಪ್ಪ ಇಷ್ಟು ಹೆದರುತ್ತಿರಲಿಲ್ಲ. ಲಡಾಯಿ ಶುರುವಾದಾಗಿನಿಂದ ಪಲ್ಟನ್ನಿಗೆ ಕಂಬಳಿ ಬೇಕಾಗಿ ಉಣ್ಣೆಗೆ ಎಲ್ಲಿಲ್ಲದ ಮರ್ಯಾದೆ ಬಂದಿತ್ತು. ಕಮರಿಪೇಟೆಯ ವ್ಯಾಪಾರಿ ತಾನೇ ಶಿರಗುಪ್ಪಿಯ ಹೊಲಗಳಿಗೆ ಬಂದು ಕುರಿಯ ಮೈ ಬಿಡಿಸಿ ನೋಡುತ್ತಿದ್ದ. ಕಜ್ಜಿಯ ಕುರಿ ಕಂಡರೆ ಇಡೀ ಹಿಂಡಿನ ಉಣ್ಣೆಯನ್ನೇ ಬಿಟ್ಟು ಹೋಗುವ ಆಸಾಮಿ. ಹಾಗಾಗಿ ಹಿಂಡಿನ ಯಜಮಾನನಾದ ಅಣ್ಣ ಗಂಗಪ್ಪ ಒಂದು ಮಾತು ಹೇಳಿಬಿಟ್ಟಿದ್ದ.

"ನಾಯಿ ಕಜ್ಜಿ ಕುರಿಗೆ ಹತ್ತಾಕ ಭಾಳ ಹೊತ್ತು ಬೇಕಾಗಂಗಿಲ್ಲ. ಅಮಾಸಿ ತನಕ ನೋಡತೇನಿ. ಮೈ ಸುದ್ದ ಆಗಲಿಲ್ಲಂದ್ರ ಬಡಿಗಿ ತಗೊಂಡು ನೀನ ಹೊಡದು ಹಾಕಬೇಕು. ನಿನ್ನ ನಾಯಿ ಅದು, ನಾ ಮುಟ್ಟಾಂವಲ್ಲ."

ಅಣ್ಣನ ಮಾತಿಗೆ ಎದುರಾಡುವ ರೂಢಿ ಹುಲಗಪ್ಪನಿಗಿರಲಿಲ್ಲ. ಆದರೆ ಚಿಗರಿಯ ಮೇಲೆ ಬಡಿಗೆ ಎತ್ತುವುದು ತನ್ನಿಂದಾಗದು ಎಂಬುದೂ ಅವನಿಗೆ ಗೊತ್ತಿತ್ತು. ಚಳಿಯಲ್ಲಿ ಅವನ ಕಂಬಳಿಯೊಳಗೇ ನುಸುಳಿ ಮಲಗುವ ಜೀವ ಅದು. ತೋಳದ ಬಾಯಿಂದ ಕುರಿಮರಿಯನ್ನು ಬಿಡಿಸಿಕೊಂಡು ಬಂದ ನಾಯಿಯ ಗಾಯಕ್ಕೆ ಅರಿಶಿನ ಒತ್ತುತ್ತ ಮಾಳವ್ವ ಅತ್ತಿದ್ದಳು.

ಕೊನೆಗೆ ಅವನಿಗೆ ತಂಬಾಕು ನೆನಪಾಯಿತು. ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಹಣೆ ಬಡಿದುಕೊಂಡ. ಕುರಿಗೆ ಕಜ್ಜಿಯಾದರೆ ಅವನ ಅಜ್ಜ, ಅಪ್ಪ ಎಲ್ಲ ಮಾಡಿದ್ದು ಅದನ್ನೇ: ತಂಬಾಕಿನ ಕಡ್ಡಿ ಕುದಿಸಿ, ಸೋಸಿ, ಮೈಮೇಲೆ ಹೊಯ್ದು ಬಿಸಿಲಿಗೆ ಬಿಡುವುದು. ಆಮೇಲೆ ಕುರಿಯ ಕಡೆ ತಿರುಗಿ ನೋಡುವ ಅಗತ್ಯವೇ ಇರುತ್ತಿರಲಿಲ್ಲ, ಕಜ್ಜಿ ತಾನಾಗಿ ಮಾಯುತ್ತಿತ್ತು. ಕುರಿಯ ವಿಷಯದಲ್ಲಿ ಹುಲಗಪ್ಪನಿಗೆ ಬುದ್ಧಿ ಹೇಳುವವರು ಆ ಸೀಮೆಯಲ್ಲೇ ಇರಲಿಲ್ಲ. ಜಗತ್ತಿನ ಜೀವಗಳನ್ನೆಲ್ಲ ಅವನು ಕುರಿಯ ಅಳತೆಯಿಂದಲೇ ಅಳೆಯುತ್ತಿದ್ದ. ಹೆಂಡತಿಗೆ ಜ್ವರ ಬಂದರೂ ಮೊದಲು ಕಿವಿಯನ್ನೇ ಮುಟ್ಟಿ ನೋಡುತ್ತಿದ್ದ. ಕಡ್ಡಿ ಹಾಕುವಾಗ, ಪ್ರೀತಿಯವರ ಎಲೆಗೆ ತುಪ್ಪ ಬಡಿಸುವವರ ಹಾಗೆ, ಅವನ ಕೈ ತಡೆಯಲಿಲ್ಲ. ನೀರು ಕುದಿದು ಕಷಾಯದಂತೆ ಗಟ್ಟಿಯಾಯಿತು.

ಹೊಯ್ದು ಮುಗಿದ ಮೇಲೆ ಚಿಗರಿಯನ್ನು ಬಿಸಿಲಿಗೆ ಬಿಟ್ಟು ಅವನು ಕುರಿಗಳತ್ತ ಹೋದ. ಮಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತಳು. ಸ್ವಲ್ಪ ಹೊತ್ತಿಗೆ ನಾಯಿಯ ಕಡೆ ನೋಡಿದವಳೇ ಹಿಗ್ಗಿನಿಂದ ಕೂಗಿದಳು.

"ಇಲ್ನೋಡ್ರಿ! ತುರಿಕಿ ನಿಂತೈತಿ ಇದಕ್ಕ. ಕೆರಕೊಳ್ಳಾಕ ಒಲ್ಲದು, ಆರಾಮ ಕುಂತು ಮೈ ನೆಕ್ಕೊಳ್ಳಾಕತ್ತೈತಿ."

ಹುಲಗಪ್ಪ ದೂರದಿಂದಲೇ ನೋಡಿದ. ಹೌದು, ಎಷ್ಟೋ ದಿನಗಳ ಮೇಲೆ ಚಿಗರಿ ನೆಮ್ಮದಿಯಿಂದ ಕೂತು ಪಕ್ಕೆ, ತೊಡೆ, ಪಾದ ಎಲ್ಲವನ್ನೂ ಒಂದೊಂದಾಗಿ ನೆಕ್ಕುತ್ತಿತ್ತು. "ನಾ ಹೇಳಲಿಲ್ಲಾ?" ಎಂದು ಮೀಸೆಯಲ್ಲೇ ನಕ್ಕ. ಅಮಾವಾಸ್ಯೆಯ ಭಯ ಅವನ ಎದೆಯಿಂದ ಇಳಿದು ಹೋಗಿತ್ತು.

ರೊಟ್ಟಿ ಮುಗಿಯುವ ಹೊತ್ತಿಗೆ ಚಿಗರಿಯ ಬಾಯಿಂದ ಜೊಲ್ಲು ಇಳಿಯತೊಡಗಿತು. ಹಸಿದಿರಬೇಕೆಂದು ಮಾಳವ್ವ ರೊಟ್ಟಿ ಮುರಿದು ಹಾಕಿದಳು. ಅದು ಮೂಸಲೂ ಇಲ್ಲ. ವಾಂತಿ ಮಾಡಿಕೊಂಡಿತು, ಏಳಲು ಹೋಯಿತು, ಹಿಂಗಾಲು ಅದರ ಮಾತು ಕೇಳಲಿಲ್ಲ. ಮೈಯೆಲ್ಲ ಅದುರತೊಡಗಿದಾಗ ಅವಳು ಗಂಡನನ್ನು ಕೂಗಿದ ಕೂಗಿಗೆ ಕುರಿಗಳೇ ಬೆಚ್ಚಿ ಚದುರಿದವು.

ಹುಲಗಪ್ಪ ಓಡಿ ಬಂದು ನೋಡಿದ. ನಾಲಿಗೆ ನೋಡಿದ, ಒದ್ದೆಯಾದ ಪಕ್ಕೆ ನೋಡಿದ, ಮೂಲೆಯಲ್ಲಿದ್ದ ಗಡಿಗೆ ನೋಡಿದ.

"ಕುರಿ ಮೈ ನೆಕ್ಕಂಗಿಲ್ಲ ಮಾಳಿ," ಎಂದ. "ನಾಯಿ ನೆಕ್ಕತೈತಿ."

ಕುಡಿಯಲು ಇಟ್ಟಿದ್ದ ನೀರನ್ನೆಲ್ಲ ಅದರ ಮೇಲೆ ಸುರಿದು ತೊಳೆದರು. ಮಾಳವ್ವ ಮಜ್ಜಿಗೆ ತಂದು ಬಾಯಿಗೆ ಹೊಯ್ದಳು. ಹೋದಷ್ಟೇ ಹೊರಗೆ ಬಂತು. ಕುರಿಗೆ ಹೊಟ್ಟೆ ಉಬ್ಬಿದರೆ ಏನು ಮಾಡಬೇಕು, ಮರಿ ಅಡ್ಡ ಸಿಕ್ಕರೆ ಹೇಗೆ ತಿರುಗಿಸಬೇಕು, ಎಲ್ಲವೂ ಹುಲಗಪ್ಪನಿಗೆ ಬರುತ್ತಿತ್ತು. ಇದಕ್ಕೆ ಏನೂ ಬರುತ್ತಿರಲಿಲ್ಲ. ಅವನು ಸುಮ್ಮನೆ ಅದರ ಹೊಟ್ಟೆ ತಿಕ್ಕಿದ, ಹೆಸರು ಹಿಡಿದು ಕರೆದ.

ಗದ್ದಲ ಕೇಳಿ ಬಂದ ಗಂಗಪ್ಪ ಒಂದು ಕ್ಷಣ ನಿಂತು ನೋಡಿದ. ಖಾಲಿ ಕೊಡ ಎತ್ತಿಕೊಂಡು, ಧೋತರದ ಅಂಚು ಕಚ್ಚಿ ಹಿಡಿದು, ಆ ವಯಸ್ಸಿನಲ್ಲಿ ಹಳ್ಳದ ಕಡೆ ಓಡಿದ. ತುಂಬಿದ ಕೊಡ ತಂದು ತಾನೇ ನಾಯಿಯ ಮೇಲೆ ಹೊಯ್ದ. ನಾಯಿಯನ್ನು ತಾನು ಮುಟ್ಟುವವನಲ್ಲ ಎಂದಿದ್ದವನು ಅದರ ಕಜ್ಜಿಯ ಮೈಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ತೊಳೆದ. ಕೊಡ ಬರಿದಾಯಿತು. ನಡುಕ ನಿಲ್ಲಲಿಲ್ಲ.

"ಹೊಡದು ಹಾಕು ಅಂದಿದ್ದೆ ಖರೇ," ಎಂದ ಗಂಗಪ್ಪ, ಏದುಸಿರು ಬಿಡುತ್ತ. "ಹಿಂಗ ಆಗಲಿ ಅಂದಿದ್ದಿಲ್ಲೋ ತಮ್ಮಾ."

ಗಂಗಪ್ಪ ಮತ್ತೆ ಕೊಡ ಹಿಡಿದು ಹಳ್ಳದ ದಾರಿ ಹಿಡಿದ.

ಚಿಗರಿ ಕಣ್ಣು ತೆರೆಯಿತು. ಸುತ್ತ ನೋಡಿ, ಹುಲಗಪ್ಪನನ್ನು ಕಂಡು, ಮುಂಗಾಲುಗಳಿಂದ ಕೆಸರಿನಲ್ಲಿ ಮೈಯನ್ನು ಎಳೆದುಕೊಂಡು ಅವನ ಬಳಿಗೆ ಬಂತು. ಅವನ ಕೈಗೆ ಮೂತಿ ತಾಗಿಸಿ ನಾಲಿಗೆ ಚಾಚಿತು. ಹುಲಗಪ್ಪ ಬೆಂಕಿ ತಾಗಿದವನಂತೆ ಕೈ ಕಿತ್ತುಕೊಂಡ. ಮಣ್ಣು ಹಾಕಿ ಉಜ್ಜಿ ಮೂಗಿಗೆ ಹಿಡಿದು ನೋಡಿದ. ತಂಬಾಕಿನ ಘಾಟು ಹಾಗೇ ಇತ್ತು. ಮೊಳಕೈವರೆಗೂ ಕಂದು ಬಣ್ಣ ಕೂತಿತ್ತು.

"ಮುಟ್ಟರಿ ಅದನ್ನ," ಎಂದಳು ಮಾಳವ್ವ, ಅಳುತ್ತ. "ನಿಮ್ಮನ್ನ ಹುಡುಕಾಕತ್ತೈತಿ."

"ನೆಕ್ಕತೈತಿ ಮಾಳಿ. ಇನ್ನೂ ಹೊಟ್ಟಿಗೆ ಹೋದ್ರ..."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೆಸರಿನಲ್ಲಿ ಕೂತ. ಚಿಗರಿ ಅವನ ಮುಖವನ್ನೊಮ್ಮೆ ನೋಡಿತು. ಆಮೇಲೆ ಅವನ ಸೊಂಟದ ಪಕ್ಕದಿಂದ ಮೂತಿ ತೂರಿಸಿ, ಕೈಗಳು ಎಲ್ಲಿ ಹೋದವೆಂದು ಹುಡುಕತೊಡಗಿತು.